ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ

ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಕಡೆಯಿಂದ ಬೆಂಗಳೂರಿಗೆ ಹೊರಟವರು ಮುಳಬಾಗಿಲು, ಕೋಲಾರ, ಹೊಸಕೋಟೆಗಳನ್ನು ದಾಟಿ, ಕೃಷ್ಣರಾಜಪುರದ ಮಾರ್ಗವಾಗಿ ನಗರವನ್ನು ಪ್ರವೇಶಿಸುತ್ತಾರೆ. ಹಳೆಯ ಮದರಾಸು ರಸ್ತೆಯೆಂದು ಪ್ರಸಿದ್ಧವಾದ ಈ ಹೆದ್ದಾರಿಯಿಂದ ನಗರದೊಳಗೆ ದಕ್ಷಿಣ ದಿಕ್ಕಿಗೆ ಸುರಂಜನ್ ದಾಸ್ ರಸ್ತೆ ಎಂಬುದು ಕವಲೊಡೆಯುತ್ತದೆ. ಅದು ಹೋಗಿ ಸೇರುವ ರಸ್ತೆಯ ಹೆಸರು ಹಳೆಯ ವಿಮಾನ ನಿಲ್ದಾಣ ರಸ್ತೆ. ಈ ಎರಡು ಹೆಸರುಗಳಿಗೂ ಕಾರಣವಾದುದು ಎಚ್.ಎ.ಎಲ್. ವಿಮಾನ ನಿಲ್ದಾಣ.

ವಿಮಾನ ನಿಲ್ದಾಣವೆಂದರೆ ಪ್ರಯಾಣಿಕರು ಹತ್ತಿ ಇಳಿಯುವ ಸ್ಥಳವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಈ ನಿಲ್ದಾಣದ ಚರಿತ್ರೆ ಬೇರೆ ಬಗೆಯದು. ವಿಮಾನಗಳನ್ನು ತಯಾರಿಸುವ ಕಾರ್ಖಾನೆ, ದೇಶವನ್ನು ಕಾಯುವ ವಾಯುಪಡೆ, ದೂರದ ಊರುಗಳಿಗೆ ಹೋಗುವ ಜನಸಾಮಾನ್ಯರು—ಈ ಮೂವರಿಗೂ ಒಂದೇ ಓಡುದಾರಿ ಅನೇಕ ದಶಕಗಳ ಕಾಲ ಆಸರೆಯಾಗಿತ್ತು. ಒಂದು ನೆಲವನ್ನು ಮೂವರು ಹಂಚಿಕೊಂಡು ಬಾಳಿದ್ದು ಹೇಗೆ, ಅದರಿಂದ ನಾಡಿಗೆ ದೊರೆತುದೇನು, ಅದಕ್ಕಾಗಿ ತೆತ್ತ ಬೆಲೆಯೇನು ಎಂಬುದನ್ನು ತಿಳಿಯುವುದು ಉಪಯುಕ್ತವಾಗಿದೆ.

ಈ ನಿಲ್ದಾಣವು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಸಮಯದಲ್ಲಿ. ಆಗ ಭಾರತದಲ್ಲಿ ವಿಮಾನಗಳನ್ನು ನಿರ್ಮಿಸುವ ಕಾರ್ಖಾನೆ ಒಂದೂ ಇರಲಿಲ್ಲ. 1939ರಲ್ಲಿ ಅಮೆರಿಕದಿಂದ ಹಿಂದಿರುಗುತ್ತಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ನರ ಪರಿಚಯವಾಯಿತು. ಪಾಲಿಯವರು ಚೀನಾ ದೇಶದಲ್ಲಿ ವಿಮಾನ ಕಾರ್ಖಾನೆಯನ್ನು ನಡೆಸಿದ ಅನುಭವವುಳ್ಳವರು. ಅಂತಹದೇ ಕಾರ್ಖಾನೆಯನ್ನು ಭಾರತದಲ್ಲಿ ಸ್ಥಾಪಿಸಬೇಕೆಂಬ ಹಂಬಲ ವಾಲ್‌ಚಂದ್ ಅವರಲ್ಲಿ ಮೂಡಿತು. ಮೈಸೂರು ಸಂಸ್ಥಾನವು ಆ ಹಂಬಲಕ್ಕೆ ಒತ್ತಾಸೆಯಾಗಿ ನಿಂತಿತು. ಆಗ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಬೆಂಗಳೂರಿನ ಪೂರ್ವಕ್ಕೆ 700 ಎಕರೆ ನೆಲವನ್ನು ದೊರಕಿಸಿಕೊಟ್ಟರು. ಸಂಸ್ಥಾನವು ಬಂಡವಾಳದಲ್ಲಿಯೂ ಪಾಲುಗೊಂಡಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನವು ಇಲ್ಲಿ ಜೋಡಣೆಗೊಂಡು ಆಕಾಶಕ್ಕೇರಿತು.

ಕಾರ್ಖಾನೆಗೆ ಬೆಂಗಳೂರೇ ಏಕೆ ತಕ್ಕ ಸ್ಥಳವಾಯಿತು? ಸಮುದ್ರ ತೀರದಿಂದ ದೂರವಿದ್ದುದರಿಂದ ಶತ್ರುಗಳ ದಾಳಿಯ ಭಯ ಕಡಿಮೆ. ಹವೆ ಹಿತಕರವಾದುದು. ಶಿವನಸಮುದ್ರದ ಜಲವಿದ್ಯುತ್ತು ಆ ವೇಳೆಗಾಗಲೇ ಸಂಸ್ಥಾನದಲ್ಲಿ ಹರಿಯುತ್ತಿತ್ತು. 1902ರಲ್ಲಿ ಆ ವಿದ್ಯುತ್ತು ಮೊದಲು ತಲುಪಿದ್ದು ನಮ್ಮ ಕೋಲಾರದ ಚಿನ್ನದ ಗಣಿಗಳನ್ನೇ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಭದ್ರಾವತಿಯಲ್ಲಿ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಿತ್ತು. ಬೆಂಗಳೂರಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯಿತ್ತು. 1942ರಲ್ಲಿ ಅಲ್ಲಿ ವಿಮಾನಶಾಸ್ತ್ರದ ವಿಭಾಗವೂ ಆರಂಭವಾಯಿತು. ಶಕ್ತಿ, ಲೋಹ, ವಿದ್ಯೆ ಈ ಮೂರೂ ಕೂಡಿ ಬಂದ ಎಡೆಯಲ್ಲಿ ಉದ್ಯಮವು ಬೇರೂರುವುದು ಸಹಜವೇ ಸರಿ.

ಯುದ್ಧವು ಪೂರ್ವ ಏಷ್ಯಕ್ಕೆ ಹರಡಿದಾಗ ಪರಿಸ್ಥಿತಿ ಬದಲಾಯಿತು. 1942ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರವು ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡು ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡಿತು. ಮೈಸೂರು ಸಂಸ್ಥಾನವಾದರೋ ಆಡಳಿತವನ್ನು ಬಿಟ್ಟುಕೊಟ್ಟಿತಾದರೂ ತನ್ನ ಪಾಲನ್ನು ಮಾರಲು ಒಪ್ಪಲಿಲ್ಲ. ನೆಲವನ್ನೂ ಹಣವನ್ನೂ ಇತ್ತ ನಾಡು ಈ ಉದ್ಯಮವನ್ನು ತನ್ನದೆಂದೇ ಬಗೆದಿತ್ತು. 1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ಕಾರ್ಖಾನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಯುದ್ಧರಂಗದಲ್ಲಿ ಜರ್ಝರಿತವಾದ ವಿಮಾನಗಳು ಇಲ್ಲಿಗೆ ಬಂದು, ದುರಸ್ತಿಗೊಂಡು ಹಿಂದಿರುಗುತ್ತಿದ್ದವು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ಹತ್ತಿರದ ಬೆಳ್ಳಂದೂರು ಕೆರೆಯಲ್ಲಿ ಇಳಿದು ಕಾರ್ಖಾನೆಗೆ ಬರುತ್ತಿದ್ದವು. ಗದ್ದೆಗಳಿಗೆ ನೀರುಣಿಸುವ ಕೆರೆಯೊಂದು ಹೀಗೆ ಕೆಲಕಾಲ ವಿಮಾನದ ಇಳಿದಾಣವೂ ಆಯಿತು.

ಯುದ್ಧವು ಮುಗಿದ ಮೇಲೆ ಸಾವಿರಾರು ಕೆಲಸಗಾರರಿಗೆ ಉದ್ಯೋಗವನ್ನು ಒದಗಿಸುವ ಪ್ರಶ್ನೆ ಎದುರಾಯಿತು. ಕಾರ್ಖಾನೆಯು ಕೈಕಟ್ಟಿ ಕೂರಲಿಲ್ಲ. ಯುದ್ಧದಲ್ಲಿ ಬಳಸಿದ ಡಕೋಟಾ ವಿಮಾನಗಳನ್ನು ಪ್ರಯಾಣಿಕರಿಗೆ ಅನುಕೂಲವಾಗುವಂತೆ ಮಾರ್ಪಡಿಸಿಕೊಟ್ಟಿತು. ಬಸ್ಸಿನ ಒಡಲುಗಳನ್ನೂ ರೈಲು ಗಾಡಿಗಳನ್ನೂ ನಿರ್ಮಿಸಿತು. ರೈಲು ಗಾಡಿಗಳ ಈ ವಿಭಾಗವೇ ಮುಂದೆ ಬೇರೆಯಾಗಿ, 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಗೆ ಸೇರಿತು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಬುಲ್‌ಡೋಜರ್ ಮುಂತಾದ ಭಾರಿ ಯಂತ್ರಗಳನ್ನು ತಯಾರಿಸುವುದು ಇದೇ ಸಂಸ್ಥೆಯ ಘಟಕ. ಹೀಗೆ ಬೆಂಗಳೂರಿನ ಓಡುದಾರಿಯ ಪಕ್ಕದಲ್ಲಿ ಚಿಗುರಿದ ಉದ್ಯಮದ ಒಂದು ಕೊಂಬೆ ನಮ್ಮ ಜಿಲ್ಲೆಗೂ ಚಾಚಿದೆ.

ಸ್ವಾತಂತ್ರ್ಯಾನಂತರ ಇಲ್ಲಿ ಸ್ವದೇಶಿ ವಿಮಾನಗಳ ಯುಗ ಪ್ರಾರಂಭವಾಯಿತು. ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ತರಬೇತಿ ವಿಮಾನವು 1951ರಲ್ಲಿ ಹಾರಿತು. ವಾಯುಪಡೆಯ ಅನೇಕ ತರುಣರು ಹಾರಾಟದ ಮೊದಲ ಪಾಠಗಳನ್ನು ಕಲಿತುದು ಈ ವಿಮಾನದಲ್ಲಿಯೇ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮಾರ್ಗದರ್ಶನದಲ್ಲಿ ಸಿದ್ಧವಾದ ‘ಮಾರುತ’ ಎಂಬ ಜೆಟ್ ಯುದ್ಧವಿಮಾನವು 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಅದನ್ನು ನಡೆಸಿದವರು ಸುರಂಜನ್ ದಾಸ್. 1964ರಲ್ಲಿ ಸಂಸ್ಥೆಯು ಪುನರ್ರಚನೆಗೊಂಡು ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಎಂಬ ಹೆಸರನ್ನು ಪಡೆಯಿತು. ಫ್ರಾನ್ಸ್ ದೇಶದ ವಿನ್ಯಾಸದ ಹೆಲಿಕಾಪ್ಟರು ಇಲ್ಲಿ ‘ಚೇತಕ್’ ಎಂಬ ಹೆಸರಿನಿಂದ ತಯಾರಾಯಿತು. 1992ರಲ್ಲಿ ಸ್ವದೇಶಿ ಹೆಲಿಕಾಪ್ಟರು ‘ಧ್ರುವ’ವೂ, 2001ರ ಜನವರಿ 4ರಂದು ಲಘು ಯುದ್ಧವಿಮಾನ ‘ತೇಜಸ್’ ಎಂದು ಮುಂದೆ ಹೆಸರಾದ ವಿಮಾನವೂ ಇದೇ ನೆಲದಿಂದ ಮೇಲೆದ್ದವು.

ಈ ಎಲ್ಲ ಹಾರಾಟಗಳಿಗೂ ಆಧಾರವಾದುದು ಓಡುದಾರಿ. ಇದನ್ನು ರನ್‌ವೇ ಎಂದೂ ಕರೆಯುತ್ತಾರೆ. ಎಚ್.ಎ.ಎಲ್. ನಿಲ್ದಾಣದ ಓಡುದಾರಿಯು ಪೂರ್ವ ಪಶ್ಚಿಮವಾಗಿ ಸುಮಾರು 3,300 ಮೀಟರ್ ಉದ್ದಕ್ಕೆ ಚಾಚಿದೆ. ಅದರ ಒಂದು ತುದಿಯಲ್ಲಿ 09 ಎಂದೂ ಇನ್ನೊಂದು ತುದಿಯಲ್ಲಿ 27 ಎಂದೂ ಬರೆದಿರುತ್ತದೆ. ಈ ಅಂಕಿಗಳ ಅರ್ಥ ಸುಲಭವಾದುದು. ದಿಕ್ಸೂಚಿಯಲ್ಲಿ ಉತ್ತರದಿಂದ ಎಣಿಸಿದರೆ ಪೂರ್ವವು 90 ಡಿಗ್ರಿ, ಪಶ್ಚಿಮವು 270 ಡಿಗ್ರಿ. ಕೊನೆಯ ಸೊನ್ನೆಯನ್ನು ಬಿಟ್ಟು ಉಳಿದುದನ್ನು ಬರೆಯುವುದು ಲೋಕರೂಢಿ. ವಿಮಾನವು ಗಾಳಿಗೆ ಎದುರಾಗಿ ಏರುತ್ತದೆ, ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಗಾಳಿಪಟವನ್ನು ಹಾರಿಸುವ ಹುಡುಗನು ಗಾಳಿಗೆ ಎದುರಾಗಿ ಓಡುವುದನ್ನು ನೀವು ಕಂಡಿದ್ದೀರಿ. ಎದುರುಗಾಳಿಯು ರೆಕ್ಕೆಗಳನ್ನು ಮೇಲಕ್ಕೆ ಎತ್ತಲು ನೆರವಾಗುತ್ತದೆ. ಮುಂಗಾರಿನಲ್ಲಿ ಪಶ್ಚಿಮದಿಂದ ಗಾಳಿ ಬೀಸುವಾಗ ವಿಮಾನಗಳು ಪಶ್ಚಿಮಾಭಿಮುಖವಾಗಿ ಏರುತ್ತವೆ. ಮೂಡಣ ಗಾಳಿ ಬೀಸುವಾಗ ಪೂರ್ವಾಭಿಮುಖವಾಗಿ ಏರುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಕೊಂಚ ತೆಳು. ತೆಳುಗಾಳಿಯಲ್ಲಿ ಮೇಲೇಳಬೇಕಾದರೆ ವಿಮಾನವು ಹೆಚ್ಚು ದೂರ ಓಡಬೇಕು. ಆದುದರಿಂದ ಓಡುದಾರಿಯ ಉದ್ದವು ಅತ್ಯಗತ್ಯವಾದ ಸಂಪತ್ತು.

ಇಂತಹ ಅಮೂಲ್ಯವಾದ ದಾರಿಯನ್ನು ಮೂವರು ಹಂಚಿಕೊಳ್ಳುವ ಬಗೆ ಹೇಗೆ? ಮೂವರ ಅಗತ್ಯಗಳು ಒಂದೇ ತೆರನಾದುವಲ್ಲ. ಪ್ರಯಾಣಿಕರ ವಿಮಾನಕ್ಕೆ ಬೇಕಾದುದು ವೇಳೆಯ ನಿಷ್ಠೆ. ಮುಂಬಯಿಗೆ ಹೋಗುವ ವಿಮಾನವು ನಿಗದಿಯಾದ ಹೊತ್ತಿಗೆ ಹೊರಡಬೇಕು. ಯುದ್ಧವಿಮಾನಕ್ಕೆ ಬೇಕಾದುದು ಸನ್ನದ್ಧತೆ. ಅದು ಕರೆ ಬಂದ ಕ್ಷಣದಲ್ಲಿ ಏರಬೇಕು. ಪರೀಕ್ಷೆಗೆ ಒಳಗಾಗುವ ಹೊಸ ವಿಮಾನಕ್ಕೆ ಬೇಕಾದುದು ತೆರವು. ಅದು ಹಾರುವಾಗ ಸುತ್ತಮುತ್ತಲ ಆಕಾಶವು ಬರಿದಾಗಿರಬೇಕು. ಈ ಮೂರು ಬೇಡಿಕೆಗಳನ್ನು ತೂಗಿ ನೋಡಿ ಅಪ್ಪಣೆ ಕೊಡುವವರು ನಿಯಂತ್ರಣ ಗೋಪುರದಲ್ಲಿ ಕುಳಿತ ಅಧಿಕಾರಿಗಳು. ಅವರ ಅನುಮತಿಯಿಲ್ಲದೆ ಯಾವ ವಿಮಾನವೂ ಓಡುದಾರಿಯ ಮೇಲೆ ಚಕ್ರವನ್ನೂರುವಂತಿಲ್ಲ. ಒಂದು ಕಾಲದಲ್ಲಿ ಒಂದೇ ವಿಮಾನ ಎಂಬುದು ಅಲ್ಲಿಯ ಮೂಲನಿಯಮ. ಆದರೆ ಆಪತ್ತಿನಲ್ಲಿರುವ ವಿಮಾನವೊಂದು ಇಳಿಯಲು ಬಂದರೆ ಉಳಿದವೆಲ್ಲವೂ ದಾರಿ ಬಿಡಬೇಕು. ಆಗ ಅದು ಸೈನ್ಯದ್ದೋ ಪ್ರಯಾಣಿಕರದೋ ಎಂಬ ವಿಚಾರಣೆಯಿಲ್ಲ. ಪ್ರಾಣರಕ್ಷಣೆಯೇ ಅಲ್ಲಿ ಮೊದಲ ಧರ್ಮ.

ಬೆಂಗಳೂರಿನ ಏರ್ಪಾಡಿನಲ್ಲಿ ಒಂದು ವೈಶಿಷ್ಟ್ಯವಿತ್ತು. ಓಡುದಾರಿಯೂ ಸಂಚಾರ ನಿಯಂತ್ರಣವೂ ಕಾರ್ಖಾನೆಯ ಅಧೀನದಲ್ಲಿದ್ದವು. ಪ್ರಯಾಣಿಕರ ಕಟ್ಟಡವನ್ನು ಕೇಂದ್ರದ ವಿಮಾನ ನಿಲ್ದಾಣಗಳ ಪ್ರಾಧಿಕಾರವು ನೋಡಿಕೊಳ್ಳುತ್ತಿತ್ತು. ವಾಯುಪಡೆಯ ವಿಮಾನ ಪರೀಕ್ಷಾ ಸಂಸ್ಥೆಯು 1970ರ ದಶಕದಿಂದ ಇದೇ ನಿಲ್ದಾಣದಲ್ಲಿ ನೆಲೆಸಿತ್ತು. ಬೇರೆಡೆಗಳಲ್ಲಿ ವ್ಯವಸ್ಥೆ ಬೇರೆ. ಬೆಳಗಾವಿಯ ಸಾಂಬ್ರಾದಲ್ಲಿಯೂ ಬೀದರಿನಲ್ಲಿಯೂ ವಾಯುಪಡೆಯ ನೆಲೆಗಳಿದ್ದು, ಅವುಗಳಿಗೆ ಹೊಂದಿಕೊಂಡು ನಾಗರಿಕರಿಗಾಗಿ ಪ್ರತ್ಯೇಕ ಆವರಣವಿದೆ. ಬೀದರಿನಲ್ಲಿ ಪ್ರಯಾಣಿಕರ ಸಂಚಾರ ಆರಂಭವಾದುದು 2020ರ ಫೆಬ್ರವರಿಯಲ್ಲಿ. ಗೋವೆಯ ದಾಬೋಲಿಮ್‌ನಲ್ಲಿ ಓಡುದಾರಿಯು ನೌಕಾಪಡೆಯದು. ಹೊರದೇಶಗಳಲ್ಲಿಯೂ ಹಂಚಿಕೆ ಅಪರೂಪವಲ್ಲ. ಫ್ರಾನ್ಸಿನ ತೂಲೂಸ್ ನಗರದಲ್ಲಿ ಏರ್‌ಬಸ್ ವಿಮಾನಗಳ ಕಾರ್ಖಾನೆಯೂ ಪ್ರಯಾಣಿಕರ ನಿಲ್ದಾಣವೂ ಒಂದೇ ನೆಲೆಯಲ್ಲಿವೆ. ಶಬ್ದವನ್ನೂ ಮೀರಿದ ವೇಗದ ಕಾಂಕಾರ್ಡ್ ವಿಮಾನವು 1969ರಲ್ಲಿ ಮೊದಲು ಹಾರಿದುದು ಅಲ್ಲಿಂದಲೇ. ಓಡುದಾರಿಯ ನಿರ್ಮಾಣಕ್ಕೆ ಅಪಾರವಾದ ನೆಲವೂ ಹಣವೂ ಬೇಕಾಗುವುದರಿಂದ, ಒಬ್ಬರಿಗಾಗಿ ಕಟ್ಟಿದುದನ್ನು ಹಲವರು ಬಳಸುವುದು ವಿವೇಕದ ಮಾರ್ಗವೇ ಆಗಿದೆ.

ಆದರೆ ಈ ನೆಲದ ಸಾಧನೆಗಳು ಸುಲಭವಾಗಿ ಒದಗಿದುವಲ್ಲ. ಕಾಗದದ ಮೇಲೆ ಬರೆದ ಲೆಕ್ಕವು ಆಕಾಶದಲ್ಲಿ ಸರಿಯೋ ತಪ್ಪೋ ಎಂಬುದನ್ನು ಯಾರಾದರೊಬ್ಬರು ಪ್ರಾಣವನ್ನು ಒತ್ತೆಯಿಟ್ಟು ಪರೀಕ್ಷಿಸಬೇಕು. ‘ಮಾರುತ’ವನ್ನು ಮೊದಲು ಹಾರಿಸಿದ ಸುರಂಜನ್ ದಾಸ್ ಅವರು 1970ರ ಜನವರಿ 10ರಂದು ಅದೇ ಜಾತಿಯ ವಿಮಾನವೊಂದನ್ನು ಪರೀಕ್ಷಿಸುತ್ತಿದ್ದಾಗ ದುರಂತಕ್ಕೀಡಾಗಿ ಇಲ್ಲಿಯೇ ಪ್ರಾಣತೆತ್ತರು. ರಸ್ತೆಗೆ ಇಟ್ಟ ಹೆಸರು ಆ ವೀರನ ನೆನಪು. 2019ರ ಫೆಬ್ರವರಿ 1ರಂದು ನವೀಕರಣಗೊಂಡ ಮಿರಾಜ್ ವಿಮಾನವನ್ನು ಪರೀಕ್ಷಿಸಲು ಹೊರಟ ವಾಯುಪಡೆಯ ಇಬ್ಬರು ತರುಣ ವೈಮಾನಿಕರು ಇದೇ ನಿಲ್ದಾಣದಲ್ಲಿ ಅಸುನೀಗಿದರು. ಪ್ರಯಾಣಿಕರಿಗೂ ಕಹಿ ದಿನಗಳು ಬಂದುವು. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನವು ಓಡುದಾರಿಯನ್ನು ತಲುಪುವ ಮೊದಲೇ ನೆಲಕ್ಕೆ ಬಡಿಯಿತು. ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಮೃತರಾದರು. ವಿಮಾನಯಾನದ ಪ್ರತಿಯೊಂದು ನಿಯಮದ ಹಿಂದೆಯೂ ಇಂತಹ ಒಂದು ದುಃಖದ ಪಾಠವಿರುತ್ತದೆ.

ಕಾಲಕ್ರಮದಲ್ಲಿ ಬೆಂಗಳೂರು ಬೆಳೆಯಿತು. ನಿಲ್ದಾಣವನ್ನು ಕಟ್ಟಿದಾಗ ಅದು ನಗರದ ಹೊರಗಿತ್ತು. ಸುತ್ತಲೂ ಹೊಲಗಳೂ ಕೆರೆಗಳೂ ಹಳ್ಳಿಗಳೂ ಇದ್ದವು. ಕ್ರಮೇಣ ನಗರವೇ ನಿಲ್ದಾಣವನ್ನು ಸುತ್ತುವರಿಯಿತು. ವಿಮಾನ ನಿಲ್ದಾಣದ ನೆರೆಯಲ್ಲಿ ಎತ್ತರದ ಕಟ್ಟಡಗಳು ಏಳಬಾರದು. ಕಸದ ರಾಶಿಗಳು ಬೀಳಬಾರದು. ಕಸವಿದ್ದೆಡೆಗೆ ಹದ್ದುಗಳು ಬರುತ್ತವೆ, ಹದ್ದು ಬಡಿದರೆ ವಿಮಾನದ ಯಂತ್ರವೇ ಕೆಡಬಹುದು. ನಗರದ ನಡುವೆ ಇಂತಹ ಕಟ್ಟುಪಾಡುಗಳನ್ನು ಪಾಲಿಸುವುದು ಕಷ್ಟ. ಪ್ರಯಾಣಿಕರ ಸಂಖ್ಯೆಯೂ ಏರುತ್ತ ಹೋಗಿ, ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಸುಮಾರು ಒಂದು ಕೋಟಿಯನ್ನು ಮುಟ್ಟಿತು. ನಿಲ್ದಾಣದ ಕಟ್ಟಡವು ಅಷ್ಟು ಜನರಿಗಾಗಿ ಕಟ್ಟಿದುದಾಗಿರಲಿಲ್ಲ; ಬೆಳೆಯಲು ಸುತ್ತಲೂ ನೆಲವೂ ಉಳಿದಿರಲಿಲ್ಲ.

ಆದಕಾರಣ ದೇವನಹಳ್ಳಿಯ ಬಳಿ ಹೊಸ ನಿಲ್ದಾಣವೊಂದು ನಿರ್ಮಾಣವಾಯಿತು. ಅದು 2008ರ ಮೇ 24ರಂದು ಕಾರ್ಯಾರಂಭ ಮಾಡಿತು; 2013ರಲ್ಲಿ ಅದಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರನ್ನಿಟ್ಟರು. ಹೊಸ ನಿಲ್ದಾಣದ ಒಪ್ಪಂದಕ್ಕೆ ಅನುಸಾರವಾಗಿ ಹಳೆಯ ನಿಲ್ದಾಣದಲ್ಲಿ ವೇಳಾಪಟ್ಟಿಯ ಪ್ರಯಾಣಿಕ ವಿಮಾನಗಳು ನಿಂತುಹೋದವು. ಈ ತೀರ್ಮಾನವನ್ನು ಎಲ್ಲರೂ ಒಪ್ಪಲಿಲ್ಲ. ಹತ್ತಿರದ ಊರುಗಳಿಗೆ ಹೋಗುವ ಚಿಕ್ಕ ವಿಮಾನಗಳಿಗಾದರೂ ಹಳೆಯ ನಿಲ್ದಾಣವನ್ನು ಉಳಿಸಬೇಕೆಂದು ಹಲವರು ವಾದಿಸಿದರು. ನಗರದ ನೆತ್ತಿಯ ಮೇಲೆ ದೊಡ್ಡ ವಿಮಾನಗಳು ಹಾರುವುದು ತಪ್ಪಿದರೆ ಒಳಿತೆಂದು ಬೇರೆ ಕೆಲವರು ಹೇಳಿದರು. ಎರಡು ಮಾತಿನಲ್ಲಿಯೂ ತಥ್ಯವಿದೆ. ಹಂಚಿಕೆಯು ಒಳ್ಳೆಯದೇ; ಆದರೆ ಹಂಚಿಕೊಳ್ಳುವ ವಸ್ತು ಹಿಗ್ಗದೆ ಪಾಲುಗಾರರ ಅಗತ್ಯವು ಮಾತ್ರ ಹಿಗ್ಗಿದಾಗ, ಯಾರಾದರೊಬ್ಬರು ಬೇರೆಯ ನೆಲೆಯನ್ನು ಅರಸಬೇಕಾಗುತ್ತದೆ. ಪ್ರಯಾಣಿಕರಿಗೆ ಇನ್ನೊಂದು ನಿಲ್ದಾಣವನ್ನು ಕಟ್ಟಬಹುದು. ಕಾರ್ಖಾನೆಯನ್ನೂ ಅದರ ಸುತ್ತ ಬೆಳೆದ ಪ್ರಯೋಗಾಲಯಗಳನ್ನೂ ಕಿತ್ತು ಬೇರೆಡೆ ನೆಡುವುದು ಸುಲಭವಲ್ಲ.

ಹಳೆಯ ನಿಲ್ದಾಣವು ಹೆಸರಿನಲ್ಲಿ ಮಾತ್ರ ಹಳೆಯದು. ಅಲ್ಲಿ ವಿಮಾನಗಳ ನಿರ್ಮಾಣವೂ ಪರೀಕ್ಷೆಯೂ ನಡೆದೇ ಇವೆ. ವಾಯುಪಡೆಯ ವಿಮಾನಗಳೂ ಗಣ್ಯರನ್ನು ಹೊತ್ತ ವಿಶೇಷ ವಿಮಾನಗಳೂ ಅಲ್ಲಿ ಇಳಿಯುತ್ತವೆ. ಕಾರ್ಖಾನೆಯ ಸಮೀಪದಲ್ಲಿ 2001ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ‘ಮಾರುತ’ ಮೊದಲಾದ ವಿಮಾನಗಳನ್ನು ವಿದ್ಯಾರ್ಥಿಗಳು ಹತ್ತಿರದಿಂದ ನೋಡಬಹುದು.

ನಮ್ಮ ಊರುಗಳಲ್ಲಿ ಒಂದು ಕೆರೆಯ ನೀರನ್ನು ಹಲವು ಗದ್ದೆಗಳಿಗೆ ಸರದಿಯಂತೆ ಬಿಡುವ ಪದ್ಧತಿ ಹಿಂದಿನಿಂದಲೂ ಇದೆ. ಸರದಿಯನ್ನು ಕಾಯುವ ನೀರುಗಂಟಿಯ ಮಾತನ್ನು ಎಲ್ಲರೂ ಮನ್ನಿಸಬೇಕು. ಕಟ್ಟಕಡೆಯ ಗದ್ದೆಗೂ ನೀರು ತಲುಪಬೇಕು. ಓಡುದಾರಿಯ ವಿಷಯವೂ ಇದಕ್ಕಿಂತ ಬೇರೆಯಲ್ಲ. ಸಂಸ್ಥಾನದ ಪ್ರಜೆಗಳ ನೆಲ ಮತ್ತು ತೆರಿಗೆಯ ಹಣ, ಕೆಲಸಗಾರರ ಬೆವರು, ವೈಮಾನಿಕರ ಪ್ರಾಣ—ಇವುಗಳಿಂದ ಅದು ಆಗಿದೆ. ಹಲವರು ಕೂಡಿ ಗಳಿಸಿದ ಸೊತ್ತನ್ನು ಹಲವರು ನಿಯಮವರಿತು ಬಳಸಿದಾಗಲೇ ಅದು ನಾಡಿನ ಸಂಪತ್ತಾಗುತ್ತದೆ.

ಶಬ್ದಾರ್ಥ

ಒತ್ತಾಸೆ – ಬೆಂಬಲ, ನೆರವು
ಜರ್ಝರಿತ – ಹಾನಿಗೊಂಡ, ಶಿಥಿಲವಾದ
ಸನ್ನದ್ಧತೆ – ಸಿದ್ಧವಾಗಿರುವಿಕೆ
ತೆರವು – ಖಾಲಿಯಾದ ಸ್ಥಳ
ತಥ್ಯ – ಸತ್ಯ, ನಿಜಾಂಶ
ನೀರುಗಂಟಿ – ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುವವನು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು ಎಂದು ಸ್ಥಾಪನೆಯಾಯಿತು?
2. ಶಿವನಸಮುದ್ರದ ವಿದ್ಯುತ್ತು ಮೊದಲು ತಲುಪಿದ್ದು ಎಲ್ಲಿಗೆ?
3. ಕ್ಯಾಟಲೀನಾ ವಿಮಾನಗಳು ಎಲ್ಲಿ ಇಳಿಯುತ್ತಿದ್ದವು?
4. ಎಚ್.ಟಿ.-2 ವಿಮಾನವನ್ನು ಯಾರ ನೇತೃತ್ವದಲ್ಲಿ ರೂಪಿಸಲಾಯಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ವಿಮಾನ ಕಾರ್ಖಾನೆಗೆ ಬೆಂಗಳೂರು ತಕ್ಕ ಸ್ಥಳವಾಗಲು ಕಾರಣಗಳೇನು?
2. ಓಡುದಾರಿಯ ತುದಿಯಲ್ಲಿರುವ ಅಂಕಿಗಳು ಏನನ್ನು ಸೂಚಿಸುತ್ತವೆ?
3. ಪ್ರಯಾಣಿಕ ವಿಮಾನ, ಯುದ್ಧವಿಮಾನ, ಪರೀಕ್ಷಾ ವಿಮಾನ ಇವುಗಳ ಅಗತ್ಯಗಳು ಹೇಗೆ ಬೇರೆಬೇರೆಯಾಗಿವೆ?
4. ಪ್ರಯಾಣಿಕರಿಗಾಗಿ ಹೊಸ ನಿಲ್ದಾಣವು ಏಕೆ ಬೇಕಾಯಿತು?

ಇ) ಸಂದರ್ಭ ಸೂಚಿಸಿ ವಿವರಿಸಿರಿ.
1. “ಪ್ರಾಣರಕ್ಷಣೆಯೇ ಅಲ್ಲಿ ಮೊದಲ ಧರ್ಮ.”
2. “ರಸ್ತೆಗೆ ಇಟ್ಟ ಹೆಸರು ಆ ವೀರನ ನೆನಪು.”

ಈ) ಭಾಷಾಭ್ಯಾಸ
1. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಅತ್ಯಗತ್ಯ, ನೆಲವನ್ನು, ಅನುಮತಿಯಿಲ್ಲದೆ.
2. ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ: ಹೆದ್ದಾರಿ, ಪ್ರಾಣರಕ್ಷಣೆ, ಮೂಲನಿಯಮ.

ಉ) ಮಾಡಿ ನೋಡಿರಿ
ನಿಮ್ಮ ಊರಿನಲ್ಲಿ ಹಲವರು ಹಂಚಿಕೊಂಡು ಬಳಸುವ ಕೆರೆ, ಕಣ, ಗೋಮಾಳ ಮುಂತಾದವುಗಳಲ್ಲಿ ಒಂದನ್ನು ಆರಿಸಿಕೊಂಡು, ಅದರ ಬಳಕೆಗೆ ಇರುವ ಕಟ್ಟುಪಾಡುಗಳನ್ನು ಹಿರಿಯರಿಂದ ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.